ಕಾರ್ಥೇಜಿನ ಬಿಷಪರು: ಒಂದು ಪೀಠದ ಒಂಬೈನೂರು ವರ್ಷ

ಸಭೆಯಲ್ಲಿರುವ ಹಿರಿಯರಿಗೆ, ಗೆಳೆಯರಿಗೆ, ವಿದ್ಯಾರ್ಥಿಗಳಿಗೆ ನಮಸ್ಕಾರ.

ಇವತ್ತಿನ ವಿಷಯ ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ಬಿಷಪ್ ಪೀಠ. ಈಗಿನ ಟ್ಯುನೀಷಿಯಾದ ರಾಜಧಾನಿ ಟ್ಯೂನಿಸ್‌ಗೆ ಅಂಟಿಕೊಂಡಂತೆ, ಕಡಲ ದಂಡೆಯಲ್ಲಿ ಇದರ ಅವಶೇಷಗಳಿವೆ. ಕ್ರಿ.ಪೂ. 146ರಲ್ಲಿ ರೋಮನ್ನರು ಈ ಊರನ್ನು ಸುಟ್ಟು ನೆಲಸಮ ಮಾಡಿದರು. ನೂರು ವರ್ಷ ಕಳೆದ ಮೇಲೆ ಅವರೇ ಬಂದು ಮತ್ತೆ ಕಟ್ಟಿದರು. ಆಫ್ರಿಕಾದ ಗೋಧಿಯೂ ಎಣ್ಣೆಯೂ ಇಲ್ಲಿನ ಬಂದರಿನಿಂದಲೇ ರೋಮಿಗೆ ಹೋಗಬೇಕಿತ್ತು. ಹಾಗಾಗಿ ಪಶ್ಚಿಮದಲ್ಲಿ ರೋಮನ್ನು ಬಿಟ್ಟರೆ ಇದೇ ದೊಡ್ಡ ನಗರ ಎನ್ನುವ ಮಟ್ಟಕ್ಕೆ ಬೆಳೆಯಿತು. ರೋಮಿನ ಕ್ರೈಸ್ತರು ಇನ್ನೂ ಗ್ರೀಕ್ ಭಾಷೆಯಲ್ಲೇ ಪ್ರಾರ್ಥನೆ ಮಾಡುತ್ತಿದ್ದ ಕಾಲದಲ್ಲಿ ಕಾರ್ಥೇಜಿನವರು ಲ್ಯಾಟಿನ್‌ನಲ್ಲಿ ಬರೆಯಲು ತೊಡಗಿದ್ದರು. ಪಶ್ಚಿಮದ ಕ್ರೈಸ್ತ ಧರ್ಮದ ಪಾರಿಭಾಷಿಕ ಶಬ್ದಗಳಲ್ಲಿ ದೊಡ್ಡ ಪಾಲು ಇಲ್ಲಿನ ಟೆರ್ಟುಲಿಯನ್ ಲೇಖನಿಯಿಂದ ಬಂದದ್ದು.

ಈ ಪೀಠವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬಹಳಷ್ಟು ಪ್ರಾಚೀನ ಧರ್ಮಪ್ರಾಂತ್ಯಗಳಿಗೆ ಉಳಿದಿರುವುದು ಬಿಷಪರ ಹೆಸರಿನ ಪಟ್ಟಿ ಮಾತ್ರ. ಮೊದಲ ನಾಲ್ಕೈದು ಹೆಸರು ದಂತಕಥೆ, ಮುಂದಿನವು ಬರೀ ಹೆಸರು. ಕಾರ್ಥೇಜಿನಲ್ಲಿ ಹಾಗಲ್ಲ. ಇಲ್ಲಿ ಪತ್ರಗಳಿವೆ, ಸಭೆಯ ನಡಾವಳಿಗಳಿವೆ, ಪೊಲೀಸ್ ಮಹಜರಿನಂಥ ಕಾಗದಗಳಿವೆ, ಕೋರ್ಟಿನ ವಿಚಾರಣೆಯ ವರದಿಗಳಿವೆ. ಇಷ್ಟೊಂದು ದಾಖಲೆ ಹುಟ್ಟಿದ್ದು ಜಗಳದಿಂದ. ಯಾರು ನಿಜವಾದ ಬಿಷಪ್, ಅವರನ್ನು ಬಿಷಪ್ ಮಾಡಿದವರಿಗೆ ಆ ಅಧಿಕಾರ ಇತ್ತೇ ಎಂಬ ಪ್ರಶ್ನೆ ಈ ಊರನ್ನು ಬಿಡದೆ ಕಾಡಿತು. ಪ್ರತಿ ಸಲವೂ ಎರಡೂ ಕಡೆಯವರು ಕಾಗದ ಹುಡುಕಿ ತಂದರು.

ಆ ಕಾಲದಲ್ಲಿ ಒಬ್ಬರು ಬಿಷಪ್ ಆಗುವುದು ಹೇಗೆ ಎನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಮೂರನೆಯ ಶತಮಾನದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ನರ ಒಂದು ಪತ್ರದಲ್ಲಿ ಇದರ ಕ್ರಮ ಸ್ಪಷ್ಟವಾಗಿದೆ. ಊರಿನ ಬಿಷಪ್ ತೀರಿಕೊಂಡರೆ ಅದೇ ಪ್ರಾಂತದ ಅಕ್ಕಪಕ್ಕದ ಬಿಷಪರು ಆ ಊರಿಗೆ ಬರಬೇಕು. ಊರಿನ ಜನರ ಎದುರಿನಲ್ಲೇ ಆಯ್ಕೆ ನಡೆಯಬೇಕು, ಏಕೆಂದರೆ ಅಭ್ಯರ್ಥಿಯ ನಡತೆ ಗೊತ್ತಿರುವುದು ಅವರಿಗೆ. ಆಮೇಲೆ ಬಂದ ಬಿಷಪರು ಅವರ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡಬೇಕು. ಕೈಯಿಡಲು ಕನಿಷ್ಠ ಮೂವರು ಬೇಕು. ಈ ಮೂರರ ಲೆಕ್ಕ ನೆನಪಿನಲ್ಲಿರಲಿ. 397ರಲ್ಲಿ ಕಾರ್ಥೇಜಿನ ಪರಿಷತ್ತಿನಲ್ಲಿ ಒಂದು ದೂರು ಬಂತು: ಪಕ್ಕದ ನುಮಿಡಿಯಾ ಪ್ರಾಂತದಲ್ಲಿ ಇಬ್ಬರೇ ಬಿಷಪರು ಸೇರಿ ಒಬ್ಬರಿಗೆ ದೀಕ್ಷೆ ಕೊಟ್ಟಿದ್ದಾರೆ, ಇನ್ನು ಮುಂದೆ ಹನ್ನೆರಡು ಮಂದಿ ಇರಲೇಬೇಕೆಂದು ನಿಯಮ ಮಾಡಿ ಎಂದು. ಅಧ್ಯಕ್ಷತೆ ವಹಿಸಿದ್ದ ಕಾರ್ಥೇಜಿನ ಬಿಷಪ್ ಔರೇಲಿಯಸ್ ಒಪ್ಪಲಿಲ್ಲ. ಟ್ರಿಪೊಲಿ ಪ್ರಾಂತದಲ್ಲಿ ಇರುವುದೇ ಐದು ಮಂದಿ ಬಿಷಪರು, ಹನ್ನೆರಡು ಜನರನ್ನು ಎಲ್ಲಿಂದ ತರುವುದು? ನಮ್ಮಲ್ಲಂತೂ ಹೆಚ್ಚುಕಡಿಮೆ ಪ್ರತಿ ಭಾನುವಾರ ಯಾರಿಗಾದರೂ ದೀಕ್ಷೆ ಕೊಡುವುದಿರುತ್ತದೆ. ಮೂವರೇ ಸಾಕು, ಹಳೆಯ ಪದ್ಧತಿ ಹಾಗೇ ಇರಲಿ ಎಂದರು. ಪ್ರತಿ ಭಾನುವಾರ! ಆಫ್ರಿಕಾದಲ್ಲಿ ಅಷ್ಟೊಂದು ಬಿಷಪರಿದ್ದರು. ಸಣ್ಣ ಪೇಟೆಗೂ ಒಬ್ಬರು, ಕೆಲವೆಡೆ ದೊಡ್ಡ ಜಮೀನ್ದಾರಿಗೂ ಒಬ್ಬರು.

ಈಗ ಶುರುವಿಗೆ ಬರೋಣ. ಆಫ್ರಿಕಾದ ಕ್ರೈಸ್ತರ ಬಗ್ಗೆ ಸಿಗುವ ಮೊದಲ ದಿನಾಂಕ 180ರ ಜುಲೈ 17. ಸ್ಕಿಲ್ಲಿ ಎಂಬ ಹಳ್ಳಿಯ ಹನ್ನೆರಡು ಮಂದಿಯನ್ನು ಕಾರ್ಥೇಜಿನಲ್ಲಿ ಪ್ರಾಂತಾಧಿಕಾರಿ ಸಟರ್ನಿನಸ್ ವಿಚಾರಣೆ ಮಾಡಿದ. ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಸ್ಪೆರಾಟಸ್ ಎಂಬಾತ, ಪುಸ್ತಕಗಳು ಮತ್ತು ಪೌಲನೆಂಬ ನೀತಿವಂತನ ಪತ್ರಗಳು ಎಂದ. ಯೋಚಿಸಿಕೊಳ್ಳಲು ಮೂವತ್ತು ದಿನ ಕೊಡುತ್ತೇನೆಂದರೂ ಅವರು ಒಪ್ಪಲಿಲ್ಲ. ಈ ವರದಿಯಲ್ಲಿ ಬಿಷಪರ ಮಾತೇ ಇಲ್ಲ. ಖಚಿತವಾಗಿ ಹೇಳಬಹುದಾದ ಮೊದಲ ಬಿಷಪ್ ಅಗ್ರಿಪಿನಸ್. ಸುಮಾರು 220ರಲ್ಲಿ ಅವರು ಎಪ್ಪತ್ತು ಬಿಷಪರ ಸಭೆ ಕರೆದು, ಪಂಥಭ್ರಷ್ಟರು ಕೊಟ್ಟ ದೀಕ್ಷಾಸ್ನಾನ (ಕ್ರೈಸ್ತರಾಗಿ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ) ನಡೆಯುವುದಿಲ್ಲ, ಅವರಿಂದ ಬಂದವರಿಗೆ ಹೊಸದಾಗಿ ಕೊಡಬೇಕು ಎಂದು ತೀರ್ಮಾನಿಸಿದರು. ಮುಂದಿನ ಇನ್ನೂರು ವರ್ಷದ ತಕರಾರಿನ ಬೀಜ ಆ ತೀರ್ಮಾನದಲ್ಲೇ ಇತ್ತು.

ಸಿಪ್ರಿಯನ್ನರದು ಈ ಪೀಠದ ಅತಿ ದೊಡ್ಡ ಹೆಸರು. ಶ್ರೀಮಂತರು, ವಾಗ್ಮಿಗಳು, ಕ್ರೈಸ್ತರಾಗಿ ಎರಡು ಮೂರು ವರ್ಷವೂ ಆಗಿರಲಿಲ್ಲ. 248ರ ಕೊನೆಗೋ 249ರ ಆರಂಭಕ್ಕೋ ಜನ ಅವರನ್ನು ಬಿಷಪ್ ಸ್ಥಾನಕ್ಕೆ ಎತ್ತಿ ಕೂರಿಸಿದರು. ಐವರು ಹಿರಿಯ ಗುರುಗಳು, ಅಂದರೆ ಬಿಷಪರ ಕೆಳಗಿನ ಪಾದ್ರಿಗಳು, ವಿರೋಧಿಸಿದರು, ಆ ಸಿಟ್ಟು ಆರಲೇ ಇಲ್ಲ. ವರ್ಷ ತುಂಬುವಷ್ಟರಲ್ಲಿ ಚಕ್ರವರ್ತಿ ಡೀಸಿಯಸ್‌ನ ಆಜ್ಞೆ ಬಂತು: ಸಾಮ್ರಾಜ್ಯದ ಪ್ರತಿಯೊಬ್ಬರೂ ದೇವತೆಗಳಿಗೆ ಬಲಿ ಅರ್ಪಿಸಿ, ಅರ್ಪಿಸಿದ್ದಕ್ಕೆ ಅಧಿಕಾರಿಗಳಿಂದ ಸರ್ಟಿಫಿಕೇಟು ಪಡೆಯಬೇಕು. ಅಂಥ ಸರ್ಟಿಫಿಕೇಟುಗಳು ಈಜಿಪ್ಟಿನ ಮರಳಿನಲ್ಲಿ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಒಂದರಲ್ಲಿ ಡಯೋಜಿನೀಸ್ ಎಂಬ 72 ವರ್ಷದ ಮುದುಕನ ಹೆಸರಿದೆ, ಗುರುತಿಗೆ ಬಲ ಹುಬ್ಬಿನ ಮೇಲೆ ಗಾಯದ ಕಲೆ ಎಂದು ಬರೆದಿದೆ. ನಾನು ಯಾವಾಗಲೂ ದೇವರುಗಳಿಗೆ ಬಲಿ ಕೊಟ್ಟವನು, ಈಗ ನಿಮ್ಮೆದುರೂ ಕೊಟ್ಟಿದ್ದೇನೆ, ಪ್ರಸಾದ ತಿಂದಿದ್ದೇನೆ, ದೃಢೀಕರಿಸಿ ಎಂಬ ಒಕ್ಕಣೆ. ಕಾರ್ಥೇಜಿನಲ್ಲಿ ಜನ ಸಾಲುಗಟ್ಟಿ ಬಲಿ ಕೊಟ್ಟರು. ಇನ್ನು ಕೆಲವರು ಬಲಿ ಕೊಡದೆಯೇ ಅಧಿಕಾರಿಗೆ ದುಡ್ಡು ತೆತ್ತು ಕಾಗದ ಮಾತ್ರ ಮಾಡಿಸಿಕೊಂಡರು.

ಸಿಪ್ರಿಯನ್ ಅಡಗಿಕೊಂಡರು. ಓಡಿಹೋದ ಬಿಷಪ್ ಎಂಬ ಮಾತು ಅವರ ಬೆನ್ನಿಗೆ ಅಂಟಿತು. ಆದರೆ ಆಡಳಿತ ನಿಲ್ಲಲಿಲ್ಲ. ಬಡವರಿಗೆ ಹಣ, ಸೆರೆಯಲ್ಲಿದ್ದವರಿಗೆ ಊಟ, ಎಲ್ಲದಕ್ಕೂ ಪತ್ರದ ಮೂಲಕವೇ ಏರ್ಪಾಡು. ಬಿಷಪರ ಪತ್ರವನ್ನು ಧರ್ಮಸಭೆಯ ಸೇವಕವರ್ಗದವರೇ ಒಯ್ಯಬೇಕೆಂಬ ಪದ್ಧತಿಯಿತ್ತು. ಒಯ್ಯುವವರು ಸಾಲದೆ ಬಂದಾಗ ಒಬ್ಬರನ್ನು ವಾಚಕರನ್ನಾಗಿ (ಸಭೆಯಲ್ಲಿ ಗ್ರಂಥ ಓದುವವರು), ಇನ್ನೊಬ್ಬರನ್ನು ಉಪಡೀಕನ್ ಆಗಿ (ಬಿಷಪರ ಸಹಾಯಕರಾದ ಡೀಕನ್ನರ ಕೆಳಗಿನವರು) ನೇಮಿಸಿ, ನೇಮಿಸಿದ ಕಾರಣವನ್ನೂ ಊರಿಗೆ ಬರೆದು ತಿಳಿಸಿದರು.

ತೊಡಕು ಬಂದದ್ದು ಇನ್ನೊಂದು ಕಡೆಯಿಂದ. ಚಿತ್ರಹಿಂಸೆ ತಾಳಿಕೊಂಡು ಸೆರೆಯಲ್ಲಿದ್ದವರಿಗೆ ಜನರಲ್ಲಿ ಅಪಾರ ಗೌರವ. ಬಲಿ ಕೊಟ್ಟು ಜಾರಿದವರು ಅವರ ಬಳಿ ಹೋಗಿ, ನಮ್ಮನ್ನು ಮತ್ತೆ ಸೇರಿಸಿಕೊಳ್ಳಲು ಒಂದು ಚೀಟಿ ಕೊಡಿ ಎಂದು ಕೇಳತೊಡಗಿದರು. ಸೆರೆಯಲ್ಲಿದ್ದವರು ಕೊಟ್ಟರು, ಸಾವಿರಗಟ್ಟಲೆ ಕೊಟ್ಟರು. ಕೆಲವು ಚೀಟಿಗಳಲ್ಲಿ ಇದ್ದದ್ದು "ಇಂಥವನನ್ನು ಅವನ ಕಡೆಯವರ ಸಮೇತ ಸೇರಿಸಿಕೊಳ್ಳಿ" ಎಂದಷ್ಟೇ. ಅವನ ಕಡೆಯವರು ಎಂದರೆ ಯಾರು? ಸಿಪ್ರಿಯನ್ ಆಕ್ಷೇಪಿಸುವುದು ಇದನ್ನೇ: ಒಂದು ಚೀಟಿ ಹಿಡಿದು ಇಪ್ಪತ್ತು ಮೂವತ್ತು ಜನ ಬಂದು ನಾವು ನೆಂಟರು, ಆಳುಗಳು ಎನ್ನಬಹುದಲ್ಲ? ದಯವಿಟ್ಟು ಹೆಸರು ಬರೆಯಿರಿ, ನೀವು ಕಣ್ಣಾರೆ ಕಂಡ, ಪ್ರಾಯಶ್ಚಿತ್ತ ಮುಗಿಯುತ್ತ ಬಂದವರ ಹೆಸರು ಮಾತ್ರ ಬರೆಯಿರಿ ಎಂದು ಬೇಡಿಕೊಳ್ಳುತ್ತಾರೆ. ದೇವರ ಕ್ಷಮೆಯ ಕುರಿತ ದೊಡ್ಡ ತಾತ್ವಿಕ ವಾದ ಇಷ್ಟು ಸಣ್ಣ ಆಡಳಿತದ ಸಮಸ್ಯೆಯಿಂದ ಬೆಳೆಯಿತು. ಚರಿತ್ರೆ ಓದುವವರು ಇದನ್ನು ಗಮನಿಸದೆ ಮುಂದೆ ಹೋಗಬಾರದು.

251ರ ವಸಂತದಲ್ಲಿ ಪರಿಷತ್ತು ಸೇರಿ ವಿಂಗಡಣೆ ಮಾಡಿತು. ಬರೀ ಕಾಗದ ಕೊಂಡವರನ್ನು ಒಬ್ಬೊಬ್ಬರ ಪ್ರಕರಣ ನೋಡಿ ಸೇರಿಸಿಕೊಳ್ಳುವುದು. ನಿಜವಾಗಿ ಬಲಿ ಕೊಟ್ಟವರು ಪ್ರಾಯಶ್ಚಿತ್ತದಲ್ಲೇ ಇದ್ದು, ಸಾಯುವ ಹೊತ್ತಿಗೆ ಪರಮಪ್ರಸಾದ, ಅಂದರೆ ಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸ, ಪಡೆಯುವುದು. ಮತ್ತೊಂದು ಹಿಂಸೆಯ ಭಯ ಬಂದಾಗ ಪಶ್ಚಾತ್ತಾಪ ಪಟ್ಟವರನ್ನೆಲ್ಲ ಒಳಗೆ ಕರೆದುಕೊಂಡರು. ಇದು ಸಡಿಲವಾಯಿತೆಂದು ಒಂದು ಗುಂಪಿಗೆ ಸಿಟ್ಟು, ಬಿಗಿಯಾಯಿತೆಂದು ಇನ್ನೊಂದಕ್ಕೆ. 252ರಲ್ಲಿ ಕಾರ್ಥೇಜಿಗೆ ಮೂವರು ಬಿಷಪರು: ನಡುವೆ ಸಿಪ್ರಿಯನ್, ಕಟ್ಟುನಿಟ್ಟಿನವರ ಕಡೆ ಮ್ಯಾಕ್ಸಿಮಸ್, ಸಡಿಲಿನವರ ಕಡೆ ಫೋರ್ಚುನೇಟಸ್. ಆ ಹೊತ್ತಿಗೇ ಊರಿಗೆ ಸಾಂಕ್ರಾಮಿಕ ಬಂತು. ನುಮಿಡಿಯಾದಲ್ಲಿ ದಾಳಿಕಾರರು ಕ್ರೈಸ್ತರನ್ನು ಹೊತ್ತೊಯ್ದಾಗ, ಬಿಡಿಸಿಕೊಳ್ಳಲು ಸಿಪ್ರಿಯನ್ ಊರಿನಲ್ಲಿ ಒಂದು ಲಕ್ಷ ಸೆಸ್ಟರ್ಸ್ ವಂತಿಗೆ ಎತ್ತಿ ಕಳಿಸಿದರು. ಜೊತೆಗೆ ಕೊಟ್ಟವರ ಹೆಸರಿನ ಪಟ್ಟಿಯನ್ನೂ ಇಟ್ಟರು, ಬಿಡುಗಡೆಯಾದವರು ಅವರಿಗಾಗಿ ಪ್ರಾರ್ಥಿಸಲಿ ಎಂದು.

ದೀಕ್ಷಾಸ್ನಾನದ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ರೋಮಿನ ಬಿಷಪ್ ಸ್ಟೀಫನ್ನರ ಪ್ರಕಾರ ಬೇರೆ ಪಂಥದಿಂದ ಬಂದವರಿಗೆ ಕೈಯಿಟ್ಟರೆ ಸಾಕು, ಮತ್ತೆ ಸ್ನಾನ ಬೇಡ. 256ರ ಸೆಪ್ಟೆಂಬರ್ 1ರಂದು ಸಿಪ್ರಿಯನ್ ಕರೆದ ಪರಿಷತ್ತಿನಲ್ಲಿ 87 ಅಭಿಪ್ರಾಯಗಳು ದಾಖಲಾದವು, ಒಬ್ಬೊಬ್ಬರದು ಒಂದೆರಡು ವಾಕ್ಯ, ಹೆಸರು ಮತ್ತು ಊರಿನ ಸಮೇತ. ಟ್ರಿಪೊಲಿ ಕಡೆಯ ಒಬ್ಬರು ಬರಲಾಗದ ಇಬ್ಬರ ಪರವಾಗಿಯೂ ಮತ ಹಾಕಿದ್ದಾರೆ. ಎಲ್ಲರೂ ಸಿಪ್ರಿಯನ್ನರ ಪಕ್ಷ. ಸಭೆ ಆರಂಭಿಸುತ್ತ ಸಿಪ್ರಿಯನ್, ನಮ್ಮಲ್ಲಿ ಯಾರೂ ಬಿಷಪರ ಮೇಲಿನ ಬಿಷಪ್ ಎಂದುಕೊಳ್ಳುವುದಿಲ್ಲ ಎಂದದ್ದು ರೋಮಿಗೆ ತಾಗುವಂತೆಯೇ ಇತ್ತು. ಮುಂದಿನ ಕಾಲದಲ್ಲಿ ಪಶ್ಚಿಮದ ಧರ್ಮಸಭೆ ಒಪ್ಪಿಕೊಂಡದ್ದು ಸ್ಟೀಫನ್ನರ ಪದ್ಧತಿಯನ್ನು. ಆದರೂ ಸಿಪ್ರಿಯನ್ನರ ಗೌರವಕ್ಕೆ ಕುಂದು ಬರಲಿಲ್ಲ.

257ರ ಆಗಸ್ಟ್ 30ರಂದು ಅವರನ್ನು ಕುರುಬಿಸ್ ಎಂಬ ಊರಿಗೆ ಗಡೀಪಾರು ಮಾಡಿದರು. ಮರುವರ್ಷ ಸೆಪ್ಟೆಂಬರ್ 14ರಂದು ಗಲೇರಿಯಸ್ ಮ್ಯಾಕ್ಸಿಮಸ್ ಎಂಬ ಪ್ರಾಂತಾಧಿಕಾರಿಯ ಎದುರು ವಿಚಾರಣೆ. ಯೋಚನೆ ಮಾಡು ಎಂದದ್ದಕ್ಕೆ, ಇಷ್ಟು ನ್ಯಾಯವಾದ ವಿಷಯದಲ್ಲಿ ಯೋಚಿಸುವುದೇನೂ ಇಲ್ಲ, ನಿನಗೆ ಬಂದ ಆಜ್ಞೆ ನಡೆಸು ಎಂದರು. ತೀರ್ಪು ಓದಿದಾಗ ದೇವರಿಗೆ ಸ್ತೋತ್ರ ಎಂದರು. ತಲೆ ಕಡಿಯುವವನಿಗೆ ಇಪ್ಪತ್ತೈದು ಚಿನ್ನದ ನಾಣ್ಯ ಕೊಡಿಸಿದರು. ಆಫ್ರಿಕಾದ ಬಿಷಪರಲ್ಲಿ ಧರ್ಮಕ್ಕಾಗಿ ಪ್ರಾಣಕೊಟ್ಟು ರಕ್ತಸಾಕ್ಷಿಯಾದ ಮೊದಲಿಗರು ಇವರೇ ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಅಲ್ಲಿಂದ ಮುಂದೆ ಆಫ್ರಿಕಾದಲ್ಲಿ ಯಾವ ವಾದಕ್ಕಾದರೂ ಎರಡೂ ಪಕ್ಷದವರು ಸಾಕ್ಷಿಗೆ ಕರೆಯುವುದು ಸಿಪ್ರಿಯನ್ನರನ್ನೇ.

ಈಗ ನಲವತ್ತೈದು ವರ್ಷ ದಾಟಿ 303ಕ್ಕೆ ಬರೋಣ. ಡಯೊಕ್ಲೀಷಿಯನ್ ಚಕ್ರವರ್ತಿಯ ಆಜ್ಞೆ ಈ ಸಲ ಪುಸ್ತಕಗಳ ಮೇಲೆ: ಪವಿತ್ರ ಗ್ರಂಥಗಳನ್ನು ಒಪ್ಪಿಸಿ, ಸುಡಬೇಕು. ಒಪ್ಪಿಸಿದವರಿಗೆ ದ್ರೋಹಿ ಎಂಬ ಹೆಸರು ಬಂತು. ನುಮಿಡಿಯಾದ ಕಿರ್ತಾ ಪಟ್ಟಣದಲ್ಲಿ, ಅಂದರೆ ಈಗಿನ ಅಲ್ಜೀರಿಯಾದ ಕಾನ್‌ಸ್ಟಂಟೀನ್‌ನಲ್ಲಿ, ಮೇ 19ರಂದು ನಡೆದ ಶೋಧದ ಮಹಜರು ನಮಗೆ ಉಳಿದಿದೆ. ನಗರಾಧಿಕಾರಿ ಕ್ರೈಸ್ತರು ಸೇರುತ್ತಿದ್ದ ಮನೆಗೆ ಬರುತ್ತಾನೆ. ಬಿಷಪ್ ಪೌಲ್ ಕೂತಿದ್ದಾರೆ, ಗುರುಗಳೂ ಡೀಕನ್ನರೂ ನಿಂತಿದ್ದಾರೆ, ಗುಮಾಸ್ತ ಬರೆದುಕೊಳ್ಳುತ್ತಾನೆ. ಚಿನ್ನದ ಬಟ್ಟಲು 2, ಬೆಳ್ಳಿಯ ಬಟ್ಟಲು 6, ಬೆಳ್ಳಿಯ ಹೂಜಿ 6, ಬೆಳ್ಳಿ ದೀಪ 7, ಸರಪಳಿ ಸಮೇತ ಕಂಚಿನ ದೀಪ 11. ಆಮೇಲೆ ಹೆಂಗಸರ ನಿಲುವಂಗಿ 82, ಮುಸುಕಿನ ಬಟ್ಟೆ 38, ಗಂಡಸರ ನಿಲುವಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರದು 47 ಜೊತೆ. ಬಡವರಿಗೆ ಹಂಚಲು ಕೂಡಿಟ್ಟ ಬಟ್ಟೆಗಳಿರಬೇಕು. ಅದರಲ್ಲೂ ಹೆಂಗಸರದೇ ಹೆಚ್ಚು. ಧರ್ಮಪ್ರಾಂತ್ಯವೊಂದು ದಿನದಿನಕ್ಕೆ ಏನು ಮಾಡುತ್ತಿತ್ತು ಎಂದು ತಿಳಿಯಲು ಇಷ್ಟು ಒಳ್ಳೆಯ ಆಧಾರ ಮತ್ತೊಂದು ಸಿಗುವುದು ಕಷ್ಟ.

ಪುಸ್ತಕದ ಕಪಾಟು ಖಾಲಿಯಿತ್ತು. ಪುಸ್ತಕಗಳು ವಾಚಕರ ಮನೆಯಲ್ಲಿವೆ ಎಂದರು. ಅಧಿಕಾರಿ ಮನೆ ಮನೆಗೆ ಹೋದ. ಒಬ್ಬ ಐದು ಕೊಟ್ಟ, ಇನ್ನೊಬ್ಬ ಎಂಟು. ಕೊಡ್ಡೆಯೋ ಎಂಬಾತ ಮನೆಯಲ್ಲಿರಲಿಲ್ಲ, ಅವನ ಹೆಂಡತಿ ಆರು ತಂದಿಟ್ಟಳು. ಬೋಸ್ ಎಂಬ ಸರಕಾರಿ ಜೀತದಾಳು ಒಳಗೆ ಹೊಕ್ಕು ಹುಡುಕಿ ಇನ್ನೇನೂ ಇಲ್ಲ ಎಂದ. ಇದೇ ಶೋಧದ ವೇಳೆ ಸಿಲ್ವಾನಸ್ ಎಂಬ ಉಪಡೀಕನ್ ದೊಡ್ಡ ಜಾಡಿಯ ಹಿಂದೆ ಸಿಕ್ಕಿತೆಂದು ಒಂದು ಬೆಳ್ಳಿ ಪೆಟ್ಟಿಗೆಯನ್ನೂ ಬೆಳ್ಳಿ ದೀಪವನ್ನೂ ತಂದೊಪ್ಪಿಸಿದ. ಈ ಸಿಲ್ವಾನಸ್ ಹೆಸರು ಮತ್ತೆ ಬರುತ್ತದೆ.

ಆಗ ಕಾರ್ಥೇಜಿನಲ್ಲಿ ಬಿಷಪ್ ಆಗಿದ್ದವರು ಮೆನ್ಸೂರಿಯಸ್. ಅವರು ಪವಿತ್ರ ಗ್ರಂಥಗಳನ್ನು ಬಚ್ಚಿಟ್ಟು, ಆ ಜಾಗದಲ್ಲಿ ಪಂಥಭ್ರಷ್ಟರ ಪುಸ್ತಕಗಳನ್ನಿಟ್ಟು ಅಧಿಕಾರಿಗಳು ಅವನ್ನೇ ಒಯ್ಯುವಂತೆ ಮಾಡಿದರಂತೆ. ಮುಂದೆ ಚಕ್ರವರ್ತಿ ಮ್ಯಾಕ್ಸೆಂಷಿಯಸ್ ಅವರನ್ನು ರೋಮಿಗೆ ಕರೆಸಿದ. ಹೊರಡುವ ಮುನ್ನ ಚರ್ಚಿನ ಬೆಳ್ಳಿ ಬಂಗಾರವನ್ನು ಸಭಾಹಿರಿಯರ ಕೈಗೆ ಒಪ್ಪಿಸಿದರು. ಹಿರಿಯರ ಮೇಲೆ ಪೂರಾ ನಂಬಿಕೆಯಿರಲಿಲ್ಲವೇನೋ, ಒಪ್ಪಿಸಿದ್ದರ ಪಟ್ಟಿಯನ್ನು ಗುಟ್ಟಾಗಿ ಒಬ್ಬ ಮುದುಕಿಗೆ ಕೊಟ್ಟು, ನಾನು ಹಿಂದಿರುಗದಿದ್ದರೆ ನನ್ನ ನಂತರ ಪೀಠದಲ್ಲಿ ಕೂತವರಿಗೆ ಇದನ್ನು ಕೊಡು ಎಂದರು. ಹಿಂದಿರುಗಲಿಲ್ಲ. ಡೀಕನ್ ಸೆಸಿಲಿಯನ್ ಬಿಷಪ್ ಆದರು, ಮುದುಕಿ ಪಟ್ಟಿ ತಂದು ಕೊಟ್ಟಳು. ಬೆಳ್ಳಿ ಬಂಗಾರವನ್ನು ತಮ್ಮದೆಂದೇ ಎಣಿಸಿದ್ದ ಹಿರಿಯರು ಸೆಸಿಲಿಯನ್ನರ ವಿರೋಧಿಗಳಾದರು.

ಇನ್ನೊಬ್ಬಳು ವಿರೋಧಿ ಲುಸಿಲ್ಲಾ ಎಂಬ ಸಿರಿವಂತೆ. ಪರಮಪ್ರಸಾದ ಸ್ವೀಕರಿಸುವ ಮೊದಲು ಯಾರೋ ರಕ್ತಸಾಕ್ಷಿಯ ಎಲುಬಿಗೆ ಮುತ್ತಿಡುವ ಅಭ್ಯಾಸ ಅವಳದು. ಡೀಕನ್ ಆಗಿದ್ದಾಗ ಸೆಸಿಲಿಯನ್ ಎಲ್ಲರೆದುರು ಗದರಿಸಿದ್ದರು. ಸಾಲದೆಂಬಂತೆ ನುಮಿಡಿಯಾದ ಬಿಷಪರು ಬರುವುದನ್ನು ಕಾಯದೆ, ಹತ್ತಿರದ ಅಪ್ಟುಂಗಾದ ಬಿಷಪ್ ಫೆಲಿಕ್ಸ್ ಮುಂತಾದವರಿಂದ ದೀಕ್ಷೆ ಮುಗಿಸಿಬಿಟ್ಟಿದ್ದರು. ಎಪ್ಪತ್ತು ಮಂದಿ ನುಮಿಡಿಯಾದವರು ಬಂದು ಸಭೆ ಸೇರಿದರು: ಫೆಲಿಕ್ಸ್ 303ರಲ್ಲಿ ಗ್ರಂಥ ಒಪ್ಪಿಸಿದ ದ್ರೋಹಿ, ಮೈಲಿಗೆಯಾದ ಕೈಯಿಂದ ದೀಕ್ಷೆ ಹರಿಯುವುದಿಲ್ಲ, ಆದ್ದರಿಂದ ಸೆಸಿಲಿಯನ್ ಬಿಷಪ್ಪೇ ಅಲ್ಲ. ಲುಸಿಲ್ಲಾಳ ಮನೆಯವರಾಗಿದ್ದ ವಾಚಕ ಮಜೊರಿನಸ್ ಅವರನ್ನು ಬಿಷಪ್ ಮಾಡಿದರು. ಅವರು ಬೇಗನೆ ತೀರಿಕೊಂಡು, ಸುಮಾರು 313ರಲ್ಲಿ ಡೊನಾಟಸ್ ಆ ಸ್ಥಾನಕ್ಕೆ ಬಂದರು. ಮುಂದಿನ ನೂರು ವರ್ಷ ಆ ಪಕ್ಷಕ್ಕೆ ಅವರದೇ ಹೆಸರು.

ಹೊತ್ತೂ ಹಾಗೇ ಕೂಡಿಬಂತು. ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತರ ಪರವಾಗಿ ನಿಂತ ಕಾಲ ಅದು. ಸೆಸಿಲಿಯನ್ನರಿಗೆ ಮೂರು ಸಾವಿರ ಫೋಲಿಸ್ ಹಣ ಮಂಜೂರಾಯಿತು, ಅವರ ಕಡೆಯ ಗುರುಗಳಿಗೆ ಊರಿನ ಬಿಟ್ಟಿ ಜವಾಬ್ದಾರಿಗಳಿಂದ ವಿನಾಯಿತಿ ಸಿಕ್ಕಿತು. ಯಾರು ನಿಜವಾದ ಬಿಷಪ್ ಎಂಬುದು ಈಗ ಖಜಾನೆಯ ಪ್ರಶ್ನೆಯೂ ಆಯಿತು. ಎದುರು ಪಕ್ಷ ಪ್ರಾಂತಾಧಿಕಾರಿಗೆ ಒಂದು ಮೊಹರು ಹಾಕಿದ ಚರ್ಮದ ಕಟ್ಟು ಮತ್ತು ಒಂದು ತೆರೆದ ಅರ್ಜಿ ಸಲ್ಲಿಸಿತು. 313ರ ಅಕ್ಟೋಬರಿನಲ್ಲಿ ರೋಮಿನಲ್ಲಿ, 314ರ ಆಗಸ್ಟಿನಲ್ಲಿ ಗಾಲ್ ದೇಶದ ಆರ್ಲ್‌ನಲ್ಲಿ ಬಿಷಪರ ತೀರ್ಪುಗಳು ಬಂದವು, ಎರಡೂ ಸೆಸಿಲಿಯನ್ನರ ಪರ. 315ರ ಫೆಬ್ರವರಿ 15ರಂದು ಫೆಲಿಕ್ಸ್ ಮೇಲಿನ ಆರೋಪವನ್ನು ಕಾರ್ಥೇಜಿನಲ್ಲೇ ವಿಚಾರಿಸಿದರು. 303ರಲ್ಲಿ ಅಪ್ಟುಂಗಾದ ನಗರಾಧಿಕಾರಿಯಾಗಿದ್ದ, ಕ್ರೈಸ್ತನಲ್ಲದ ಮುದುಕನನ್ನೇ ಸಾಕ್ಷಿಗೆ ಕರೆಸಿದರು. ಫೆಲಿಕ್ಸ್ ವಿರುದ್ಧ ಹಾಜರುಪಡಿಸಿದ್ದ ಪತ್ರವನ್ನು ಓದುತ್ತಿದ್ದಂತೆ ಆತ, ಇಲ್ಲಿಯವರೆಗಿನದು ನಾನು ಬರೆಸಿದ್ದು, ಇಲ್ಲಿಂದ ಮುಂದಿನದು ನನ್ನದಲ್ಲ ಎಂದ. ಇಂಜೆನ್ಷಿಯಸ್ ಎಂಬವನು ಪತ್ರದ ಕೊನೆಗೆ ತನ್ನ ಸಾಲುಗಳನ್ನು ಸೇರಿಸಿದ್ದು ಬಯಲಾಯಿತು. ಫೆಲಿಕ್ಸ್ ನಿರ್ದೋಷಿ ಎಂದು ತೀರ್ಪಾಯಿತು.

ಕಿರ್ತಾದ ಸಿಲ್ವಾನಸ್ ಅಷ್ಟರಲ್ಲಿ ಅಲ್ಲಿನ ಬಿಷಪ್ ಆಗಿ, ಮಜೊರಿನಸ್ ತಲೆಯ ಮೇಲೆ ಕೈಯಿಟ್ಟವರಲ್ಲಿ ಒಬ್ಬರಾಗಿದ್ದರು. 320ರಲ್ಲಿ ಅವರ ಡೀಕನ್ ನುಂಡಿನಾರಿಯಸ್ ಅವರೊಡನೆ ಜಗಳವಾಡಿ, ಆ ಹಳೆಯ ಮಹಜರನ್ನು ಕೋರ್ಟಿನಲ್ಲಿ ಓದಿಸಿದ. ದ್ರೋಹಿಯ ಕೈ ಮೈಲಿಗೆ ಎಂದವರ ನಡುವೆಯೇ ಬೆಳ್ಳಿ ದೀಪ ಒಪ್ಪಿಸಿದವರಿದ್ದರು. ಲುಸಿಲ್ಲಾ ಮಜೊರಿನಸ್ ಆಯ್ಕೆಗಾಗಿ ನಾನೂರು ಫೋಲಿಸ್ ಕೊಟ್ಟದ್ದೂ, ಬಡವರ ಹೆಸರಿನಲ್ಲಿ ಬಂದ ಆ ಹಣ ಬಿಷಪರಲ್ಲೇ ಹಂಚಿಹೋದದ್ದೂ ಅದೇ ವಿಚಾರಣೆಯಲ್ಲಿ ಹೊರಬಂತು.

ಇಷ್ಟೆಲ್ಲ ಆದರೂ ಡೊನಾಟಸ್ ಪಕ್ಷ ಕರಗಲಿಲ್ಲ, ಬೆಳೆಯಿತು. ನುಮಿಡಿಯಾದ ಹಳ್ಳಿಗಳಲ್ಲಿ ಅವರದೇ ಬಹುಮತ. ನನಗೆ ತೋರುವಂತೆ, ಕೋರ್ಟು ಕೇಳಿದ ಪ್ರಶ್ನೆ ಒಂದು, ಜನರ ಮನಸ್ಸಿನಲ್ಲಿದ್ದದ್ದು ಇನ್ನೊಂದು. ಫೆಲಿಕ್ಸ್ ಪುಸ್ತಕ ಕೊಟ್ಟರೋ ಇಲ್ಲವೋ, ಹಿಂಸೆ ಅನುಭವಿಸಿದವರ ಧರ್ಮಸಭೆ ಯಾವುದು, ಹಿಂಸಿಸಿದ ಸರಕಾರದ ಜೊತೆ ನಿಂತದ್ದು ಯಾವುದು ಎಂದು ಜನ ನೋಡುತ್ತಿದ್ದರು. 317ರ ನಂತರ ಕೆಲವು ವರ್ಷ, ಮತ್ತೆ 347ರಲ್ಲಿ, ಸರಕಾರ ಸೈನಿಕರನ್ನು ಬಿಟ್ಟಾಗ ಆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಧರ್ಮಸಭೆಯಲ್ಲಿ ಚಕ್ರವರ್ತಿಗೇನು ಕೆಲಸ ಎಂದು ಡೊನಾಟಸ್ ಕೇಳಿದ್ದು ಆಗಲೇ.

ಬೇರುಬಿಟ್ಟ ಈ ಒಡಕಿನ ನಡುವೆ, 391ರ ಸುಮಾರಿಗೆ ಔರೇಲಿಯಸ್ ಕಾರ್ಥೇಜಿನ ಕಥೋಲಿಕ, ಅಂದರೆ ಸೆಸಿಲಿಯನ್ನರ ಪಕ್ಷದ, ಬಿಷಪ್ ಆದರು. ಹಿಪ್ಪೋ ಊರಿನ ಬಿಷಪ್, ದಾರ್ಶನಿಕ ಅಗಸ್ಟೀನರು ಎಲ್ಲರಿಗೂ ಗೊತ್ತು. ಔರೇಲಿಯಸ್ ಹೆಸರು ಅಷ್ಟು ಕೇಳಿಬರುವುದಿಲ್ಲ, ಅದು ಅನ್ಯಾಯ. ಬುದ್ಧಿ ಅಗಸ್ಟೀನರದು, ಯಂತ್ರವನ್ನು ಕಟ್ಟಿ ಓಡಿಸಿದವರು ಔರೇಲಿಯಸ್. 393ರಲ್ಲಿ ಹಿಪ್ಪೋದಲ್ಲಿ ಸೇರಿದ ಪರಿಷತ್ತಿನಿಂದ ಹಿಡಿದು ಮೂವತ್ತು ವರ್ಷ ಅವರು ಸಭೆಗಳನ್ನು ನಡೆಸಿದರು. ಕಾರ್ಥೇಜಿನ ಬಿಷಪ್ ಇಡೀ ಆಫ್ರಿಕಾಕ್ಕೆ ಹಿರಿಯರು. ಬೇರೆ ಪ್ರಾಂತಗಳಲ್ಲಿ ಊರು ದೊಡ್ಡದೋ ಚಿಕ್ಕದೋ ಲೆಕ್ಕಕ್ಕಿಲ್ಲ, ಮೊದಲು ದೀಕ್ಷೆ ಪಡೆದ ಬಿಷಪರೇ ಪ್ರಾಂತದ ಮುಖ್ಯಸ್ಥರು. ಪದ್ಧತಿ ಸರಳವಾಗಿದ್ದರೂ ಇಬ್ಬರು ಮುದುಕರು ನಾನೇ ಮೊದಲು ಎಂದರೆ ತೀರ್ಮಾನ ಹೇಗೆ? ಅದಕ್ಕೆ 402ರಲ್ಲಿ ನಿಯಮ ಬಂತು: ದೀಕ್ಷೆ ಕೊಟ್ಟವರು ತಮ್ಮ ಕೈಬರಹದ ರುಜು ಹಾಕಿ, ವರ್ಷವನ್ನು ಗುರುತಿಸಲು ಬಳಸುತ್ತಿದ್ದ ಕಾನ್ಸಲ್ ಎಂಬ ರೋಮನ್ ಅಧಿಕಾರಿಗಳ ಹೆಸರನ್ನೂ ದಿನವನ್ನೂ ನಮೂದಿಸಿ ಪತ್ರ ಕೊಡಬೇಕು. ಈಸ್ಟರ್ ಯಾವ ದಿನ ಬರುತ್ತದೆಂದು ಇಡೀ ಆಫ್ರಿಕಾಕ್ಕೆ ತಿಳಿಸುವುದೂ ಕಾರ್ಥೇಜಿನ ಕೆಲಸ.

411ರಲ್ಲಿ ಚಕ್ರವರ್ತಿಯ ಆಜ್ಞೆಯಂತೆ ಎರಡೂ ಪಕ್ಷಗಳ ಮುಖಾಮುಖಿ ನಡೆಯಿತು. ಜಾಗ ಕಾರ್ಥೇಜಿನ ಗಾರ್ಗಿಲಿಯಸ್ ಸ್ನಾನಗೃಹದ ಸಭಾಂಗಣ, ದಿನ ಜೂನ್ 1, 3 ಮತ್ತು 8, ಅಧ್ಯಕ್ಷ ಮಾರ್ಸೆಲಿನಸ್ ಎಂಬ ಅಧಿಕಾರಿ. ಕಥೋಲಿಕರ ಕಡೆ 286 ಬಿಷಪರು, ಡೊನಾಟಸ್ ಕಡೆ ಹೆಚ್ಚುಕಡಿಮೆ ಅಷ್ಟೇ. ಒಂದೊಂದು ಕಡೆಗೆ ಮಾತಾಡಲು ಏಳು, ಸಲಹೆಗೆ ಏಳು, ದಾಖಲೆ ಕಾಯಲು ನಾಲ್ಕು ಮಂದಿ. ಶೀಘ್ರಲಿಪಿಕಾರರು ಬರೆದುಕೊಂಡದ್ದನ್ನು ಶುದ್ಧ ಪ್ರತಿ ಮಾಡಿ, ಮಾತಾಡಿದವರು ತಮ್ಮ ಪ್ರತಿ ಮಾತಿನ ಕೆಳಗೂ ರುಜು ಹಾಕಬೇಕು. ದುಷ್ಟರೊಡನೆ ಕೂರುವುದಿಲ್ಲ ಎಂದು ಡೊನಾಟಸ್ ಪಕ್ಷದವರು ನಿಂತೇ ಇದ್ದರು. ಮೊದಲ ದಿನ ಹೋದದ್ದು ಹಾಜರಿಯಲ್ಲಿ. ಹೆಸರು ಕೂಗಬೇಕು, ಆ ಬಿಷಪ್ ಎದುರಿಗೆ ಬರಬೇಕು, ಅದೇ ಊರಿನ ಎದುರು ಪಕ್ಷದ ಬಿಷಪ್ "ಇವರ ಗುರುತುಂಟು" ಎನ್ನಬೇಕು. ಸತ್ತವರೊಬ್ಬರ ರುಜುವೂ ಪಟ್ಟಿಯಲ್ಲಿತ್ತು. ಬರುವ ದಾರಿಯಲ್ಲಿ ತೀರಿಕೊಂಡರು ಎಂಬ ವಿವರಣೆ ಕೊಟ್ಟರು, ಅದರ ಮೇಲೂ ವಾದವಾಯಿತು. ಕಾಲಹರಣ ಎನ್ನಬೇಡಿ. ಆಫ್ರಿಕಾದ ನೂರಾರು ಸಣ್ಣ ಊರುಗಳ ಹೆಸರು ಆ ದಿನದ ಹಾಜರಿಯಿಂದಲೇ ನಮಗೆ ಗೊತ್ತಾಗಿರುವುದು.

ಕಥೋಲಿಕ ಬಿಷಪರು ಮೊದಲೇ ಬರೆದುಕೊಟ್ಟಿದ್ದರು: ನಾವು ಸೋತರೆ ಪೀಠ ಬಿಡುತ್ತೇವೆ, ಗೆದ್ದರೆ ನಿಮ್ಮ ಬಿಷಪರನ್ನೂ ಬಿಷಪರೆಂದೇ ಒಪ್ಪಿ ಜೊತೆಗೆ ಕೂರುತ್ತೇವೆ. ಮೂರನೆಯ ದಿನ 313ರಿಂದ ಕೂಡಿಟ್ಟ ಕಾಗದಗಳನ್ನೆಲ್ಲ ಓದಿದರು. ತೀರ್ಪು ಕಥೋಲಿಕರ ಪರ ಬಂತು. 412ರ ಜನವರಿಯಲ್ಲಿ ಎದುರು ಪಕ್ಷಕ್ಕೆ ದಂಡ, ಆಸ್ತಿ ಜಪ್ತಿಯ ಕಾನೂನೂ ಬಂತು. ಉದಾರವಾಗಿ ಆರಂಭವಾದದ್ದು ಬಲವಂತದಲ್ಲಿ ಮುಗಿಯಿತು, ಇದನ್ನು ಮುಚ್ಚಿಡಬಾರದು. ನಡಾವಳಿಯನ್ನು ಕಾರ್ಥೇಜಿನಲ್ಲಿ ಪ್ರತಿ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಜನರಿಗೆ ಓದಿ ಹೇಳುತ್ತಿದ್ದರು. ನಮಗೆ ಬಂದಿರುವ ಹಸ್ತಪ್ರತಿ ಮೂರನೆಯ ದಿನದ ನಡುವೆಯೇ ನಿಂತುಹೋಗಿದೆ.

ಔರೇಲಿಯಸ್ ರೋಮಿನ ಜೊತೆ ನಡೆದುಕೊಂಡ ರೀತಿಯೂ ಇದೇ ಅಭ್ಯಾಸದ್ದು. ಸಿಕ್ಕಾ ಊರಿನ ಅಪಿಯಾರಿಯಸ್ ಎಂಬ ಗುರುವನ್ನು ಅವನ ಬಿಷಪ್ ಬಹಿಷ್ಕರಿಸಿದಾಗ ಅವನು ರೋಮಿಗೆ ಮೊರೆಹೋದ. ಪೋಪ್ ಜೋಸಿಮಸ್ ದೂತರನ್ನು ಕಳಿಸಿ, ಇಂಥ ಮೇಲ್ಮನವಿಗೆ ಇಡೀ ಕ್ರೈಸ್ತ ಜಗತ್ತಿನ ಮೊದಲ ಮಹಾಸಭೆಯಾದ ನೈಸಿಯಾ ಪರಿಷತ್ತಿನ ನಿಯಮವಿದೆ ಎಂದರು. ಆಫ್ರಿಕಾದವರು ತಮ್ಮ ಪ್ರತಿ ತೆಗೆದು ನೋಡಿದರು. 325ರಲ್ಲಿ ನೈಸಿಯಾಕ್ಕೆ ಹೋಗಿದ್ದ ಸೆಸಿಲಿಯನ್ನರೇ ತಂದಿದ್ದ ಪ್ರತಿ ಅದು. ಅದರಲ್ಲಿ ಆ ನಿಯಮ ಇರಲಿಲ್ಲ. 419ರ ಮೇ ತಿಂಗಳ ಪರಿಷತ್ತು ಜಗಳಕ್ಕೆ ಹೋಗದೆ ಅಲೆಕ್ಸಾಂಡ್ರಿಯಾಕ್ಕೂ ಕಾನ್‌ಸ್ಟಂಟಿನೋಪಲ್‌ಗೂ ಬರೆದು ದೃಢೀಕೃತ ಪ್ರತಿ ತರಿಸಿತು. ಅವುಗಳಲ್ಲೂ ಇರಲಿಲ್ಲ; ರೋಮ್ ಉಲ್ಲೇಖಿಸಿದ್ದು ನೈಸಿಯಾದ ನಂತರ ನಡೆದ ಬೇರೊಂದು ಸಭೆಯಾದ ಸಾರ್ಡಿಕಾ ಪರಿಷತ್ತಿನ ನಿಯಮವನ್ನು. ಕೆಲವು ವರ್ಷಗಳ ಮೇಲೆ ಅದೇ ಅಪಿಯಾರಿಯಸ್ ಎರಡನೆಯ ಸಲ ರೋಮಿನ ಬೆಂಬಲದಿಂದ ಬಂದು, ಮೂರು ದಿನದ ವಿಚಾರಣೆಯ ಕೊನೆಗೆ ತಾನೇ ತಪ್ಪೊಪ್ಪಿಕೊಂಡ.

439ರ ಅಕ್ಟೋಬರ್ 19ರಂದು ಯುರೋಪಿನಿಂದ ಬಂದ ವ್ಯಾಂಡಲ್ ಜನಾಂಗದ ದೊರೆ ಗೈಸೆರಿಕ್ ಕಾರ್ಥೇಜನ್ನು ಹಿಡಿದ. ಕ್ರಿಸ್ತ ತಂದೆ ದೇವರಿಗೆ ಸಮನಲ್ಲ ಎನ್ನುವ ಆರಿಯನ್ ಪಂಥದವನಾದ ಅವನು ಬಿಷಪ್ ಕ್ವೊಡ್‌ವುಲ್ಟ್‌ಡೇಯುಸ್ ಅವರನ್ನೂ ಅನೇಕ ಗುರುಗಳನ್ನೂ ಮುರುಕು ಹಡಗುಗಳಿಗೆ ಹತ್ತಿಸಿ ಕಡಲಿಗೆ ತಳ್ಳಿದ. ಅವರು ಬದುಕಿ ನೇಪಲ್ಸ್ ಸೇರಿದರು. ಹದಿನೈದು ವರ್ಷ ಪೀಠ ಖಾಲಿ. 454ರಲ್ಲಿ ವಯಸ್ಸಾದ ಡಿಯೋಗ್ರಾಸಿಯಸ್ ಬಂದರು. ಮರುವರ್ಷ ಗೈಸೆರಿಕ್ ರೋಮನ್ನು ಕೊಳ್ಳೆಹೊಡೆದು ಸೆರೆಯಾಳುಗಳನ್ನು ಹಡಗಿನಲ್ಲಿ ತುಂಬಿ ತಂದು, ಗಂಡ ಹೆಂಡತಿಯನ್ನೂ ತಾಯಿ ಮಕ್ಕಳನ್ನೂ ಬೇರೆಮಾಡಿ ಮಾರತೊಡಗಿದ. ಡಿಯೋಗ್ರಾಸಿಯಸ್ ಚರ್ಚಿನ ಚಿನ್ನ ಬೆಳ್ಳಿಯ ಪಾತ್ರೆಗಳನ್ನು ಮಾರಿ ಅವರನ್ನು ಬಿಡಿಸಿದರು. ಇರಿಸಲು ಜಾಗ ಸಾಲದೆ ಫೌಸ್ಟಿ ಮತ್ತು ನೋವಾರುಮ್ ಎಂಬ ಎರಡು ದೊಡ್ಡ ಚರ್ಚುಗಳಲ್ಲಿ ಮಂಚ ಹಾಕಿಸಿ, ಹುಲ್ಲು ಹಾಸಿಸಿ, ಯಾರಿಗೆ ದಿನಕ್ಕೆ ಎಷ್ಟು ಊಟ ಎಂದು ಗೊತ್ತುಮಾಡಿದರು. ವೈದ್ಯರನ್ನು ಜೊತೆಗಿಟ್ಟುಕೊಂಡು ಹಗಲು ಮಾತ್ರವಲ್ಲ, ರಾತ್ರಿಯೂ ಹಾಸಿಗೆಯಿಂದ ಹಾಸಿಗೆಗೆ ಸುತ್ತುತ್ತಿದ್ದರು ಎಂದು ಅದೇ ಶತಮಾನದ ಬಿಷಪ್, ಇತಿಹಾಸಕಾರ ವಿಟಾದ ವಿಕ್ಟರ್ ಬರೆಯುತ್ತಾರೆ.

ಮೂರು ವರ್ಷಕ್ಕೆ ಅವರು ತೀರಿಕೊಂಡರು. ಗೈಸೆರಿಕ್ ಆಮೇಲೆ ಹೂಡಿದ್ದು ಕತ್ತಿಗಿಂತ ಪರಿಣಾಮಕಾರಿಯಾದ ಉಪಾಯ: ಕಾರ್ಥೇಜಿನ ಪ್ರಾಂತದಲ್ಲಿ ಹೊಸ ಬಿಷಪರಿಗೆ ದೀಕ್ಷೆ ಕೊಡಕೂಡದು. ಆಗ ಅಲ್ಲಿದ್ದದ್ದು 164 ಬಿಷಪರು ಎಂದು ವಿಕ್ಟರ್ ಲೆಕ್ಕ ಕೊಡುತ್ತಾರೆ. ಕೊಲ್ಲಬೇಕಾಗಿಯೇ ಇಲ್ಲ, ವಯಸ್ಸಾಗುತ್ತ ಆಗುತ್ತ ಪಟ್ಟಿ ತಾನಾಗಿ ಕರಗುತ್ತದೆ. ಸುಮಾರು 480ರಲ್ಲಿ ಗೈಸೆರಿಕನ ಮಗ ಹುನೆರಿಕ್ ಅನುಮತಿ ಕೊಟ್ಟು ಯುಜೀನಿಯಸ್ ಬಿಷಪ್ ಆದರು. 484ರಲ್ಲಿ ಅದೇ ಹುನೆರಿಕ್ ಇಡೀ ರಾಜ್ಯದ ಬಿಷಪರನ್ನು ವಾದಕ್ಕೆಂದು ಕರೆಸಿ ಗಡೀಪಾರು ಮಾಡಿದ. ಆಗಿನ ಪಟ್ಟಿಯಲ್ಲಿ 466 ಹೆಸರುಗಳಿವೆ. ಯುಜೀನಿಯಸ್ ಒಮ್ಮೆ ಹಿಂದಿರುಗಿ, ಮತ್ತೆ ಗಡೀಪಾರಾಗಿ, 505ರಲ್ಲಿ ಗಾಲ್ ದೇಶದ ಆಲ್ಬಿಯಲ್ಲಿ ತೀರಿಕೊಂಡರು.

533ರ ಸೆಪ್ಟೆಂಬರ್ 13ರಂದು ಪೂರ್ವ ರೋಮನ್ (ಬೈಜಾಂಟಿಯಂ) ಸಾಮ್ರಾಜ್ಯದ ಸೇನಾನಿ ಬೆಲಿಸೇರಿಯಸ್‌ನ ಸೈನ್ಯ ಊರ ಹೊರಗೆ ಗೆದ್ದಾಗ ಮರುದಿನ ಸಿಪ್ರಿಯನ್ನರ ಹಬ್ಬ. ಅವರ ಹೆಸರಿನ ಕಡಲತೀರದ ಚರ್ಚು ಆರಿಯನ್ನರ ಕೈಯಲ್ಲಿತ್ತು. ಹಬ್ಬಕ್ಕೆಂದು ಅವರು ದೀಪಗಳನ್ನು ಸಜ್ಜುಮಾಡಿ, ಒಡವೆ ವಸ್ತ್ರ ಹೊರತೆಗೆದಿಟ್ಟಿದ್ದರು. ಸುದ್ದಿ ಬಂದೊಡನೆ ಓಡಿದರು. ಕಥೋಲಿಕರು ಬಂದು ಅವೇ ದೀಪ ಹಚ್ಚಿದರು. ಬೈಜಾಂಟಿಯಂ ಆಳ್ವಿಕೆಯಲ್ಲಿ ಪೀಠಕ್ಕೆ ಆಸ್ತಿ ಮರಳಿತು, ಸ್ವಾತಂತ್ರ್ಯ ಮರಳಲಿಲ್ಲ. ಚಕ್ರವರ್ತಿ ಜಸ್ಟಿನಿಯನ್‌ನ ಧಾರ್ಮಿಕ ಆಜ್ಞೆಯನ್ನು ವಿರೋಧಿಸಿದ ಬಿಷಪ್ ರೆಪರಾಟಸ್ 552ರಲ್ಲಿ ಪದಚ್ಯುತರಾಗಿ 563ರಲ್ಲಿ ಗಡೀಪಾರಿನಲ್ಲೇ ಸತ್ತರು.

698ರಲ್ಲಿ ಅರಬ್ ಸೇನಾನಿ ಹಸನ್ ಇಬ್ನ್ ಅಲ್ ನುಮಾನ್ ಕಾರ್ಥೇಜನ್ನು ಕೊನೆಯದಾಗಿ ಗೆದ್ದು ಕೆಡವಿದ, ಟ್ಯೂನಿಸ್ ಬೆಳೆಯಿತು. ಕ್ರೈಸ್ತರು ಅಂದೇ ಮಾಯವಾದರು ಎನ್ನುವುದು ಸರಿಯಲ್ಲ. ಇನ್ನೂ ಮುನ್ನೂರೈವತ್ತು ವರ್ಷ ಕಳೆದ ಮೇಲೂ ಅಲ್ಲಿ ಬಿಷಪರಿದ್ದರು, ಜಗಳವೂ ಇತ್ತು. 1053ರಲ್ಲಿ ಗುಮ್ಮಿ ಎಂಬ ಊರಿನ ಬಿಷಪ್ ತಾನೇ ಹಿರಿಯ ಎಂದಾಗ ದೂರು ಪೋಪ್ ಒಂಬತ್ತನೆಯ ಲಿಯೋ ಬಳಿ ಹೋಯಿತು. ರೋಮಿನ ನಂತರ ಆಫ್ರಿಕಾದಲ್ಲಿ ಮೊದಲ ಸ್ಥಾನ ಕಾರ್ಥೇಜಿನದೇ ಎಂದು ಲಿಯೋ ತೀರ್ಪಿತ್ತರು. ಒಂದು ಕಾಲಕ್ಕೆ 205 ಬಿಷಪರು ಪರಿಷತ್ತು ಸೇರುತ್ತಿದ್ದ ನಾಡಿನಲ್ಲಿ ಈಗ ಐವರಿರುವುದೂ ಕಷ್ಟ, ಆ ಐವರಲ್ಲೂ ಒಡಕೇ ಎಂದು ಅದೇ ಪತ್ರದಲ್ಲಿ ಮರುಗಿದರು.

ಇಪ್ಪತ್ತು ವರ್ಷದ ಮೇಲೆ ಪೀಠದಲ್ಲಿದ್ದವರು ಕಿರಿಯಾಕಸ್. ನಿಯಮಕ್ಕೆ ವಿರುದ್ಧವಾಗಿ ದೀಕ್ಷೆ ಕೊಡಲು ಒಪ್ಪಲಿಲ್ಲವೆಂದು ಅವರದೇ ಜನ ಅವರನ್ನು ಆಳುವವರಿಗೆ ಹಿಡಿದುಕೊಟ್ಟರು. ಬಟ್ಟೆ ಬಿಚ್ಚಿಸಿ ಹೊಡೆಸಲಾಯಿತು. 1073ರಲ್ಲಿ ಪೋಪ್ ಏಳನೆಯ ಗ್ರೆಗರಿ ಅವರಿಗೆ ಸಾಂತ್ವನದ ಪತ್ರ ಬರೆದರು, ಹಿಡಿದುಕೊಟ್ಟವರಿಗೆ ಕಠಿಣ ಪತ್ರ ಬರೆದರು. 1076ರಲ್ಲಿ ಈಗಿನ ಅಲ್ಜೀರಿಯಾದ ಕಡೆ ಆಳುತ್ತಿದ್ದ ಹಮ್ಮಾದಿದ್ ವಂಶದ ಮುಸ್ಲಿಂ ದೊರೆ ಅನ್ ನಾಸಿರ್ ತನ್ನ ರಾಜ್ಯದ ಕ್ರೈಸ್ತರಿಗಾಗಿ ಸರ್ವಾಂಡಸ್ ಎಂಬ ಗುರುವನ್ನು ಬಿಷಪ್ ಮಾಡಿಕೊಡಿ ಎಂದು ರೋಮಿಗೇ ಕಳಿಸಿದ. ಗ್ರೆಗರಿ ದೀಕ್ಷೆ ಕೊಟ್ಟರು, ದೊರೆಗೆ ಸ್ನೇಹದ ಪತ್ರವನ್ನೂ ಬರೆದರು. ಅದೇ ಬೇಸಿಗೆಯಲ್ಲಿ ಕಿರಿಯಾಕಸ್‌ಗೆ ಇನ್ನೊಂದು ಪತ್ರ ಹೋಯಿತು: ಒಬ್ಬರಿಗೆ ದೀಕ್ಷೆ ಕೊಡಲು ಬೇಕಾದ ಮೂವರು ಬಿಷಪರು ಆಫ್ರಿಕಾದಲ್ಲಿ ಇಲ್ಲವೆಂದು ತಿಳಿಯಿತು, ನೀವೂ ನಾವು ಕೈಯಿಟ್ಟ ಸರ್ವಾಂಡಸ್‌ರೂ ಸೇರಿ ಯೋಗ್ಯರೊಬ್ಬರನ್ನು ಆರಿಸಿ ನಮ್ಮಲ್ಲಿಗೆ ಕಳಿಸಿ, ಇಲ್ಲಿಂದ ದೀಕ್ಷೆ ಕೊಟ್ಟು ಕಳಿಸುತ್ತೇವೆ, ಆಗ ನೀವು ಮೂವರಾಗುತ್ತೀರಿ, ಮುಂದಿನವರಿಗೆ ನಿಮ್ಮಲ್ಲೇ ದೀಕ್ಷೆ ಕೊಡಬಹುದು.